ಮನೆಯ ಮಟ್ಟು ಮನೆಯಲ್ಲಿ ಉಳಿಯಲಿ

ಶರಣ ಸಾಹಿತ್ಯವು ಎರಡು ದಾರಿಗಳಿಂದ ನಮ್ಮ ಕಾಲದವರೆಗೆ ನಡೆದುಬಂದಿದೆ. ಒಂದು ಓಲೆಗರಿಯ ದಾರಿ, ಇನ್ನೊಂದು ಕಂಠದ ದಾರಿ. ಮೊದಲನೆಯ ದಾರಿಯನ್ನು ಕಾಯ್ದ ಮಹನೀಯರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ವಿಜಾಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ಓಲೆಯ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿದರು. 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಮುಂದೆ ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಹೀಗೆ ಅಕ್ಷರವೇನೋ ಉಳಿಯಿತು.

ಆದರೆ ಕಂಠದ ದಾರಿಯ ಗತಿ ಏನು? ನಿಜಗುಣ ಶಿವಯೋಗಿಗಳ ‘ಕೈವಲ್ಯಪದ್ಧತಿ’ಯ ಸ್ವರವಚನಗಳನ್ನಾಗಲಿ, ಸರ್ಪಭೂಷಣ ಶಿವಯೋಗಿಗಳ ‘ಕೈವಲ್ಯಕಲ್ಪವಲ್ಲರಿ’ಯ ಹಾಡುಗಳನ್ನಾಗಲಿ ಮುದ್ರಿಸುವಾಗ ತಲೆಯ ಮೇಲೆ ರಾಗದ ಹೆಸರನ್ನೂ ತಾಳದ ಹೆಸರನ್ನೂ ಕೊಡುವ ರೂಢಿಯುಂಟು. ರಾಗದ ಹೆಸರು ಮಟ್ಟಲ್ಲ. ಯಾವ ಅಕ್ಷರದ ಮೇಲೆ ದನಿ ತಡೆಯಬೇಕು, ಪಲ್ಲವಿಗೆ ಮರಳುವಾಗ ಎಲ್ಲಿ ಉಸಿರು ಹಿಡಿಯಬೇಕು ಎಂಬ ಸೂಕ್ಷ್ಮಗಳು ಪುಸ್ತಕದಲ್ಲಿಲ್ಲ. ಅವು ಅಮಾವಾಸ್ಯೆಯ ಭಜನೆಯಲ್ಲಿ, ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬದಿಯಲ್ಲಿ ಒಂದು ಕಂಠದಿಂದ ಮತ್ತೊಂದು ಕಂಠಕ್ಕೆ ಇಳಿದು ಬಂದವು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಕಿವಿಯ ಮುಖಾಂತರವೇ ವಿದ್ಯೆಯನ್ನು ಧಾರೆಯೆರೆದರು. ಪಂಡಿತ ಮಲ್ಲಿಕಾರ್ಜುನ ಮನಸೂರರ ವಚನಗಾಯನ ಅವರು 1992ರಲ್ಲಿ ಲಿಂಗೈಕ್ಯರಾದ ಮೇಲೂ ಧ್ವನಿಮುದ್ರಿಕೆಗಳ ಮೂಲಕ ನಮ್ಮ ಕಿವಿಗೆ ಬೀಳುತ್ತಿದೆ. ದೊಡ್ಡವರ ದನಿಗೆ ಇಂತಹ ಆಸರೆ ದೊರೆಯಿತು. ಮನೆಯೊಳಗಿನ ಅವ್ವಂದಿರ, ಅಜ್ಜಂದಿರ ದನಿಗೆ ಆಸರೆ ಯಾರು?

ಈ ಪ್ರಶ್ನೆ ನನಗೆ ಬರಿಯ ತರ್ಕದ ಪ್ರಶ್ನೆಯಾಗಿ ಉಳಿಯಲಿಲ್ಲ. ನನ್ನ ಸೋದರತ್ತೆಯವರಿಗೆ ಈಗ ಎಂಬತ್ತಾರು ವರ್ಷ. ಮಠದ ಪಾಠಶಾಲೆಯಲ್ಲಿ ನಾನು ಕಲಿತ ಸ್ವರವಚನಗಳನ್ನೇ ಅವರು ಬೇರೆ ಮಟ್ಟಿನಲ್ಲಿ ಹಾಡುತ್ತಾರೆ. ಆ ಮಟ್ಟು ಅವರಿಗೆ ಅವರ ಅತ್ತೆಯಿಂದ ಬಂದುದು. ಅವರ ಹೆಣ್ಣುಮಕ್ಕಳು ದೂರದ ಊರುಗಳಲ್ಲಿದ್ದಾರೆ. ಮೊಮ್ಮಕ್ಕಳಿಗೆ ಹಾಡಿನ ಗುರುತಿದೆ, ಹಿಡಿತವಿಲ್ಲ. ಕಳೆದ ವರ್ಷದಿಂದ ಅತ್ತೆಯವರ ಉಸಿರು ಕುಗ್ಗಿದೆ. ಎರಡು ನುಡಿ ಹಾಡಿದರೆ ಮೂರನೆಯದಕ್ಕೆ ಕೂತು ದಣಿವಾರಿಸಿಕೊಳ್ಳಬೇಕು. ಇಂಥ ಸಂದರ್ಭದಲ್ಲಿ ನಾನು ಧ್ವನಿಮುದ್ರಣದ ಪರಿಕರಗಳನ್ನು ಹುಡುಕಲು ಹೊರಟೆ. ವೆಚ್ಚದ ಮೇರೆಯನ್ನು 15,000 ರೂಪಾಯಿಗಳೆಂದು ಮೊದಲೇ ಗೊತ್ತುಮಾಡಿಕೊಂಡೆ. ಆ ಹುಡುಕಾಟದಲ್ಲಿ ತಿಳಿದುಕೊಂಡ ಸಂಗತಿಗಳು ಇತರ ಮನೆತನಗಳಿಗೂ ಉಪಯೋಗವಾದಾವೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲನೆಯದು ಕಂಪ್ಯೂಟರಿನ ಮಾತು. ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದರ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ವಿಂಡೋಸ್ 11 ಹಳೆಯ ಅನೇಕ ಯಂತ್ರಗಳನ್ನು ಒಪ್ಪಿಕೊಳ್ಳುವುದಿಲ್ಲ. ಹೀಗಾಗಿ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಎಷ್ಟೋ ಮನೆಗಳಲ್ಲಿ ಕಪಾಟಿನ ಮೂಲೆ ಸೇರಿವೆ. ಅಂತಹ ಒಂದು ಯಂತ್ರದಲ್ಲಿ ಲಿನಕ್ಸ್ ಅನ್ನು ಹಾಕಿಕೊಂಡರೆ ಒಂದೆರಡು ದನಿಗಳನ್ನು ಮುದ್ರಿಸಲು ಧಾರಾಳವಾಗಿ ಸಾಕು. ನಾಲ್ಕು ಜಿಬಿ ಸ್ಮರಣಶಕ್ತಿಯ ಹಳೆಯ ಯಂತ್ರವೂ ಈ ಕೆಲಸಕ್ಕೆ ಬೆದರುವುದಿಲ್ಲ. ಹೊಸ ಕಂಪ್ಯೂಟರಿನ ವೆಚ್ಚ ಅಲ್ಲಿಗೆ ಉಳಿಯಿತು.

ಲಿನಕ್ಸ್ ವಿಷಯದಲ್ಲಿ ಒಂದು ಮಾತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ತರುಣ 1991ರಲ್ಲಿ ಇದರ ತಿರುಳನ್ನು ಬರೆದು ಜಗತ್ತಿನ ಮುಂದಿಟ್ಟ. ಅದರ ಪರವಾನಗಿಯ ಕಟ್ಟಳೆ ಸರಳವಾದುದು: ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ಆದರೆ ಹಂಚುವವನು ತಾನು ಪಡೆದ ಹಕ್ಕನ್ನು ಪಡೆಯುವವನಿಗೂ ಕೊಡಬೇಕು. ಆ ನಾಡಿನವರು ಇದನ್ನು ದಾಸೋಹವೆಂದು ಕರೆಯಲಿಲ್ಲ. ಅವರಿಗೆ ಆ ಪದ ತಿಳಿದಿರಲಾರದು. ಆದರೂ ದುಡಿದುದನ್ನು ಸಮಾಜಕ್ಕೆ ಸಮರ್ಪಿಸಿ, ಸಮಾಜದಿಂದ ಪ್ರಸಾದವಾಗಿ ಸ್ವೀಕರಿಸುವ ಮನೋಧರ್ಮಕ್ಕೆ ಇದು ದೂರವಲ್ಲವೆಂದು ನನಗೆ ತೋರುತ್ತದೆ. ಹಿರಿಯರು ಹಣಕ್ಕೆ ಮಾರದೆ ಕೊಟ್ಟುಹೋದ ಹಾಡನ್ನು ಹಿಡಿದಿಡಲು ಹಣಕ್ಕೆ ಮಾರದ ಪರಿಕರವೇ ತಕ್ಕುದು.

ಎರಡನೆಯದು ಮೈಕು. ಲ್ಯಾಪ್‌ಟಾಪಿನೊಳಗೇ ಇರುವ ಮೈಕು ಮಾತಿಗೆ ಸಾಕು, ಹಾಡಿಗೆ ಸಾಲದು. ಹಾಡುವವರ ದನಿಗಿಂತ ಯಂತ್ರದೊಳಗಿನ ಪಂಖದ ಸಪ್ಪಳವೇ ಅದಕ್ಕೆ ಹತ್ತಿರ. ಹೊರಗಿನ ಮೈಕುಗಳಲ್ಲಿ ಎರಡು ಜಾತಿ. ಕಂಡೆನ್ಸರ್ ಎಂಬುದು ಬಹು ಸೂಕ್ಷ್ಮ. ಪಿಸುಮಾತನ್ನೂ ಹಿಡಿಯುತ್ತದೆ, ಜೊತೆಗೆ ಬೀದಿಯ ಮೋಟಾರನ್ನೂ ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನೂ ಹಿಡಿಯುತ್ತದೆ. ಅದಕ್ಕೆ ಸಾಮಾನ್ಯವಾಗಿ 48 ವೋಲ್ಟಿನ ಫ್ಯಾಂಟಮ್ ಪವರ್ ಎಂಬ ವಿದ್ಯುತ್ತನ್ನೂ ಒದಗಿಸಬೇಕು. ಡೈನಮಿಕ್ ಎಂಬುದು ಗಟ್ಟಿಜೀವ. ವಿದ್ಯುತ್ತು ಬೇಡ, ಬೆಲೆಯೂ ಕಡಿಮೆ. ನಾಲ್ಕು ಬೆರಳಿನ ಅಂತರದಲ್ಲಿ ಹಿಡಿದರೆ ಮುಂದಿನ ದನಿಯನ್ನು ಚೆನ್ನಾಗಿ ಕೇಳಿ, ದೂರದ ಗದ್ದಲವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಸಭೆಗಳಲ್ಲಿ ನಾವು ಕಾಣುವ ಜಾಲರಿ ತಲೆಯ ಮೈಕು ಈ ಜಾತಿಯದು. ಶೂರ್ ಸಂಸ್ಥೆಯ ಎಸ್‌ಎಂ 58 ಎಂಬ ಮಾದರಿ 1966ರಿಂದ ಬಳಕೆಯಲ್ಲಿದೆ. ಅದೇ ಬಗೆಯ ಅಗ್ಗದ ಮಾದರಿಗಳು ಬೇಕಾದಷ್ಟಿವೆ.

ಅತ್ತೆಯವರ ಮನೆ ರಸ್ತೆಯ ಮಗ್ಗುಲಲ್ಲಿದೆ. ಆದ್ದರಿಂದ ಡೈನಮಿಕ್ ಮೈಕನ್ನೇ ಆರಿಸಿದೆ. ಇದರಲ್ಲೊಂದು ಕೊರತೆಯಿಲ್ಲದಿಲ್ಲ. ಕ್ಷೀಣವಾದ ದನಿಗೆ ಡೈನಮಿಕ್ ಮೈಕಿನ ಬಲವನ್ನು ಹೆಚ್ಚು ಏರಿಸಬೇಕಾಗುತ್ತದೆ. ಹಾಗೆ ಏರಿಸಿದಾಗ ಹಗುರ ಬೆಲೆಯ ಉಪಕರಣಗಳಲ್ಲಿ ಸಣ್ಣಗೆ ‘ಸುಸ್’ ಎನ್ನುವ ಸದ್ದು ಸೇರಿಕೊಳ್ಳಬಹುದು. ಊರ ಹೊರಗೆ ತೋಟದ ಮನೆಯಿದ್ದವರು, ನಿಶ್ಶಬ್ದವಾದ ಕೋಣೆಯುಳ್ಳವರು ಕಂಡೆನ್ಸರನ್ನೇ ಆರಿಸಿಕೊಳ್ಳುವುದು ಲೇಸು. ಮನೆಯನ್ನು ನೋಡಿ ಮೈಕನ್ನು ಕೊಳ್ಳಬೇಕೇ ಹೊರತು ಅಂಗಡಿಯ ಹಲಗೆಯನ್ನು ನೋಡಿ ಅಲ್ಲ.

ಮೂರನೆಯದು ಮೈಕಿಗೂ ಕಂಪ್ಯೂಟರಿಗೂ ನಡುವೆ ನಿಲ್ಲುವ ಚಿಕ್ಕ ಪೆಟ್ಟಿಗೆ; ಇದನ್ನು ಆಡಿಯೊ ಇಂಟರ್‌ಫೇಸ್ ಎನ್ನುತ್ತಾರೆ. ಮೈಕಿನ ಕ್ಷೀಣ ವಿದ್ಯುತ್ತನ್ನು ಬಲಪಡಿಸಿ, ಅಂಕಿಗಳನ್ನಾಗಿ ಮಾರ್ಪಡಿಸಿ, ಯುಎಸ್‌ಬಿ ತಂತಿಯ ಮೂಲಕ ಒಳಗೆ ಕಳಿಸುವುದು ಇದರ ಕಾಯಕ. ಲಿನಕ್ಸ್ ಬಳಸುವವರು ಎಚ್ಚರದಿಂದ ನೋಡಬೇಕಾದುದು ಇದನ್ನೇ. ಹೆಚ್ಚಿನ ಪೆಟ್ಟಿಗೆಗಳ ಮೇಲೆ ವಿಂಡೋಸ್, ಮ್ಯಾಕ್ ಎಂಬ ಎರಡು ಹೆಸರುಗಳು ಮಾತ್ರ ಇರುತ್ತವೆ. ನಾನು ಹೋದ ಅಂಗಡಿಯಾತನೂ, “ಸರ್, ಲಿನಕ್ಸಿಗೆ ಇದು ನಡೆಯೂದಿಲ್ರಿ” ಎಂದೇ ಹೇಳಿದ. ವಾಸ್ತವದಲ್ಲಿ ಯುಎಸ್‌ಬಿ ಧ್ವನಿ ಉಪಕರಣಗಳಿಗೆ ಎಲ್ಲರೂ ಒಪ್ಪಿದ ಒಂದು ಸಾಮಾನ್ಯ ನಿಯಮವಿದೆ. ಆ ನಿಯಮವನ್ನು ಪಾಲಿಸುವ ಉಪಕರಣವನ್ನು ‘ಕ್ಲಾಸ್ ಕಂಪ್ಲಯಂಟ್’ ಎನ್ನುತ್ತಾರೆ. ಇಂಥವನ್ನು ಲಿನಕ್ಸಿನ ತಿರುಳಿನಲ್ಲಿರುವ ಆಲ್ಸಾ ಎಂಬ ಭಾಗವು ಬೇರೆ ಚಾಲಕ ತಂತ್ರಾಂಶವಿಲ್ಲದೆಯೇ ಗುರುತಿಸುತ್ತದೆ. ಪ್ರತ್ಯೇಕ ತಂತ್ರಾಂಶವಿಲ್ಲದೆ ಐಪ್ಯಾಡಿನಲ್ಲಿ ನಡೆಯುವ ಪೆಟ್ಟಿಗೆ ಲಿನಕ್ಸಿನಲ್ಲಿಯೂ ಬಹುಪಾಲು ನಡೆಯುತ್ತದೆಂಬುದು ಒಳ್ಳೆಯ ಗುರುತು. ನಾನು ಲ್ಯಾಪ್‌ಟಾಪನ್ನು ಅಂಗಡಿಗೇ ಒಯ್ದು ತಂತಿ ಚುಚ್ಚಿ ನೋಡಿದೆ. ಧ್ವನಿಯ ಸೆಟ್ಟಿಂಗಿನಲ್ಲಿ ಪೆಟ್ಟಿಗೆಯ ಹೆಸರು ಮೂಡಿತು, ಮಾತಾಡಿದಾಗ ಮಾಪಕ ಕುಣಿಯಿತು. ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಒಂದು ಮೈಕಿನ ಪೆಟ್ಟಿಗೆಯೋ ಎರಡು ಮೈಕಿನದೋ ಎಂಬ ವಿಚಾರವೂ ಬಂತು. ಅತ್ತೆಯವರ ಹಾಡಿಗೆ ಅವರ ಮೈದುನನ ಮಗ ಪೇಟಿ ಹಿಡಿಯುತ್ತಾನೆ. ಒಂದೇ ಮೈಕಾದರೆ ಪೇಟಿಯ ದನಿ ಮುದುಕಿಯ ದನಿಯನ್ನು ನುಂಗಿಬಿಡುತ್ತದೆ. ಎರಡನ್ನೂ ಬೇರೆಬೇರೆ ಸಾಲಿನಲ್ಲಿ ಮುದ್ರಿಸಿದರೆ ಆಮೇಲೆ ಪೇಟಿಯನ್ನು ತಗ್ಗಿಸಬಹುದು. ನೇರವಾಗಿ ಯುಎಸ್‌ಬಿಗೆ ಚುಚ್ಚುವ ಮೈಕುಗಳೂ ಉಂಟು. ಒಬ್ಬರೇ ಹಾಡುವುದಾದರೆ ಅವು ಸುಲಭ, ಅಗ್ಗ. ಆದರೆ ಅಂಥ ಎರಡು ಮೈಕುಗಳನ್ನು ಕೂಡಿಸಿದರೆ ಎರಡರ ಗಡಿಯಾರಗಳು ಒಂದಕ್ಕೊಂದು ಹೊಂದದೆ, ಹೊತ್ತು ಕಳೆದಂತೆ ದನಿಗಳು ಹಿಂದುಮುಂದಾಗುತ್ತವೆ. ಈ ಕಾರಣದಿಂದ ಎರಡು ಮೈಕಿನ ಪೆಟ್ಟಿಗೆಯನ್ನೇ ಕೊಂಡೆ. ಬೆಹ್ರಿಂಜರ್ ಸಂಸ್ಥೆಯ ಯುಎಂಸಿ 202 ಎಚ್‌ಡಿ, ಫೋಕಸ್‌ರೈಟ್ ಸಂಸ್ಥೆಯ ಸ್ಕಾರ್ಲೆಟ್ 2ಐ2 ಎಂಬುವು ಈ ವರ್ಗದಲ್ಲಿ ಲಿನಕ್ಸಿಗರು ಬಳಸುವ ಮಾದರಿಗಳು, ಮೊದಲನೆಯದು ಅಗ್ಗ. ಇದೇ ಪೆಟ್ಟಿಗೆಗೆ ಹಳೆಯ ಟೇಪ್‌ರೆಕಾರ್ಡರಿನ ತಂತಿಯನ್ನು ಜೋಡಿಸಿ, ಮನೆಯಲ್ಲಿ ಬೂಸಲು ಹಿಡಿಯುತ್ತಿರುವ ಭಜನೆಯ ಕ್ಯಾಸೆಟ್ಟುಗಳನ್ನೂ ಒಳಗೆ ಇಳಿಸಿಕೊಳ್ಳಬಹುದೆಂಬುದು ಹೆಚ್ಚಿನ ಲಾಭ.

ಉಳಿದ ಹಣದಲ್ಲಿ ಎರಡು ಮೈಕು, ಎರಡು ನಿಲುವುಗೋಲು, ತಂತಿಗಳು, ಕಿವಿ ಮುಚ್ಚುವ ಒಂದು ಹೆಡ್‌ಫೋನು ಬಂದವು. ಹೆಸರುವಾಸಿಯಾದ ಮೈಕಿನ ಆಸೆಯನ್ನು ಬಿಟ್ಟೆನಾದ್ದರಿಂದ ಮೇರೆ ಮೀರಲಿಲ್ಲ. ದೊಡ್ಡ ಸ್ಪೀಕರುಗಳ ಅಗತ್ಯ ಕಾಣಲಿಲ್ಲ.

ತಂತ್ರಾಂಶಕ್ಕೆ ಕಾಸು ಬೇಕಾಗಲಿಲ್ಲ. 2000ದಲ್ಲಿ ಮೊದಲು ಹೊರಬಂದ ಆಡಾಸಿಟಿ ಎಂಬುದು ಗೃಹಸ್ಥರಿಗೆ ಸಾಕು. ಹೆಚ್ಚು ಸಾಲುಗಳ ಕೆಲಸ ಮಾಡುವವರಿಗೆ ಆರ್ಡರ್ ಎಂಬುದಿದೆ. ಮೊದಲೆಲ್ಲ ಲಿನಕ್ಸಿನಲ್ಲಿ ದಿನಬಳಕೆಯ ಧ್ವನಿಗೆ ಒಂದು ವ್ಯವಸ್ಥೆ, ಮುದ್ರಣಕ್ಕೆ ಜ್ಯಾಕ್ ಎಂಬ ಇನ್ನೊಂದು ವ್ಯವಸ್ಥೆ ಇದ್ದು ಅವೆರಡನ್ನು ಹೊಂದಿಸುವುದೇ ತಲೆನೋವಾಗಿತ್ತು. 2021ರ ಫೆಡೋರಾ 34ರಿಂದ ಮೊದಲ್ಗೊಂಡು ಹಲವು ಲಿನಕ್ಸ್ ಆವೃತ್ತಿಗಳಲ್ಲಿ ಪೈಪ್‌ವೈರ್ ಎಂಬ ಒಂದೇ ವ್ಯವಸ್ಥೆ ಎರಡನ್ನೂ ನಿಭಾಯಿಸುತ್ತಿದೆ.

ಮುದ್ರಿಸುವಾಗ ಸೆಕೆಂಡಿಗೆ 48,000 ಮಾದರಿ, 24 ಬಿಟ್ ಎಂದು ಇಡಬೇಕು. ಅತಿ ಗಟ್ಟಿಯಾದ ದನಿಯೂ ಮಾಪಕದ ಶೂನ್ಯಕ್ಕಿಂತ ಸುಮಾರು 12 ಡೆಸಿಬೆಲ್ ಕೆಳಗೇ ಉಳಿಯಲಿ. ತಗ್ಗಿದ ದನಿಯನ್ನು ಆಮೇಲೆ ಏರಿಸಬಹುದು. ಶೂನ್ಯವನ್ನು ದಾಟಿ ಒಡೆದ ದನಿಯನ್ನು ಕೂಡಿಸಲು ಬಾರದು. ಒಂದು ಸಾಲಿನ ದನಿ ತಾಸಿಗೆ ಸುಮಾರು 52 ಕೋಟಿ ಬೈಟುಗಳಷ್ಟು ಜಾಗ ಹಿಡಿಯುತ್ತದೆ. ಎರಡು ಸಾಲಾದರೆ ಒಂದು ಜಿಬಿ ಎಂದು ಹಿಡಿಯಿರಿ. ಫ್ಲ್ಯಾಕ್ ಎಂಬ ಸ್ವರೂಪದಲ್ಲಿ ಇಟ್ಟರೆ ದನಿಯ ಒಂದು ಎಳೆಯೂ ಕಳೆಯದೆ ಜಾಗ ಉಳಿಯುತ್ತದೆ. ಎಂಪಿ3 ಹಂಚುವುದಕ್ಕೆ ಸರಿ, ಕಾಪಿಡುವುದಕ್ಕೆ ಸಲ್ಲದು.

ಹಣ ಬೇಡುವ ಪರಿಕರಗಳಿಗಿಂತ ಹಣ ಬೇಡದ ಏರ್ಪಾಡುಗಳೇ ಹೆಚ್ಚು ಫಲ ಕೊಟ್ಟವು. ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಗೊಳ್ಳುತ್ತದೆ. ಹಗ್ಗ ಕಟ್ಟಿ ಕೌದಿಗಳನ್ನು ಇಳಿಬಿಟ್ಟು, ನೆಲಕ್ಕೆ ಕಂಬಳಿ ಹಾಸಿದೆವು. ಪಂಖ ನಿಲ್ಲಿಸಿದೆವು. ಮೈಕಿನ ಬೆನ್ನು ಬೀದಿಯ ಕಡೆಗಿರುವಂತೆ ನಿಲ್ಲಿಸಿದೆವು. ಚಾರ್ಜರಿನಿಂದ ‘ಗುಂಯ್’ ಎಂಬ ಸದ್ದು ಬಂದಾಗ ಅದನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದೆವು. ಬೆಳಗಿನ ಐದು ಗಂಟೆಯ ಹೊತ್ತನ್ನು ಆರಿಸಿಕೊಂಡೆವು. ಬೀದಿ ಆಗ ಮಲಗಿರುತ್ತದೆ, ಮುಪ್ಪಿನ ಕಂಠ ಎಚ್ಚತ್ತಿರುತ್ತದೆ.

ಇಷ್ಟೆಲ್ಲ ಸಿದ್ಧವಾದ ಮೇಲೂ ಅತ್ತೆಯವರು ಒಪ್ಪಬೇಕಲ್ಲವೆ? “ತಮ್ಮಾ, ಹಾಡು ಶಿವಗ ಮುಟ್ಟಿದ್ರ ಸಾಕು, ಪೆಟಗ್ಯಾಗ ಯಾಕ ಇಡ್ತಿ?” ಎಂದರು. ಅವರ ಮಾತಿನಲ್ಲಿ ತಿರುಳಿತ್ತು. ಶಿವನಿಗೆ ಮುಟ್ಟಿದ ಹಾಡಿಗೆ ಬೇರೆ ಸಾಕ್ಷಿ ಬೇಡ. ನಾನೆಂದೆ: “ಅತ್ತಿ, ಶಿವಗ ಮುಟ್ಟೇದ. ಮೊಮ್ಮಕ್ಕಳಿಗೆ ಇನ್ನೂ ಮುಟ್ಟಿಲ್ಲ.” ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಒಪ್ಪಿದರು, ಒಂದು ಕರಾರಿನ ಮೇಲೆ. ಇಷ್ಟಲಿಂಗ ಪೂಜೆಯ ಹೊತ್ತಿನಲ್ಲಿ ತಾವು ಗುನುಗುವ ಒಂದು ಪದವನ್ನು ಮಾತ್ರ ಮುದ್ರಿಸಕೂಡದು. ಅದು ಅಂಗೈಯೊಳಗಿನ ಲಿಂಗಕ್ಕೂ ತಮಗೂ ನಡುವಿನ ಮಾತು ಎಂದರು. ಆ ಹೊತ್ತಿನಲ್ಲಿ ತಂತಿ ಕಿತ್ತಿಡುತ್ತೇನೆ. ಎಲ್ಲವನ್ನೂ ಕೂಡಿಸಿಡಬೇಕೆಂಬ ಹಂಬಲಕ್ಕೂ ಒಂದು ಎಲ್ಲೆಯಿರಬೇಕೆಂಬುದನ್ನು ಆ ಹಿರಿಯ ಜೀವದಿಂದ ಕಲಿತೆ. ಹೀಗೆ ಇದುವರೆಗೆ ಇಪ್ಪತ್ತೇಳು ಪದಗಳು ಕೂಡಿವೆ. ದಣಿವಾರಿಸಿಕೊಳ್ಳುವ ಮೌನವನ್ನೂ ಕತ್ತರಿಸದೆ ಉಳಿಸಿದ್ದೇನೆ. ಅದೂ ಅವರ ಹಾಡಿನದೇ ಭಾಗ.

ಪ್ರತಿ ಹಾಡಿನ ಮೊದಲಲ್ಲಿ ಹಾಡುವವರ ಹೆಸರು, ಊರು, ದಿನಾಂಕ, ಈ ಮಟ್ಟು ಯಾರಿಂದ ಬಂತು ಎಂಬುದನ್ನು ಅವರ ಬಾಯಿಂದಲೇ ಹೇಳಿಸಬೇಕು. ಹೆಸರಿಲ್ಲದ ಓಲೆಗರಿಯ ಕರ್ತೃವನ್ನು ಹುಡುಕಿ ಸೋತ ವಿದ್ವಾಂಸರಿಗೆ ಇದರ ಬೆಲೆ ಗೊತ್ತು. ಮುದ್ರಿಸಿದುದನ್ನು ಮೂರು ಪ್ರತಿ ಮಾಡಿ, ಎರಡು ಬಗೆಯ ಸಾಧನಗಳಲ್ಲಿಟ್ಟು, ಒಂದನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿಡಬೇಕು. ಗೆದ್ದಲಿಗೂ ಬೆಂಕಿಗೂ ಆಹುತಿಯಾದ ಓಲೆಗಳು ಕಲಿಸಿದ ಪಾಠವಿದು.

ಹಳಕಟ್ಟಿಯವರು ಅಕ್ಷರಕ್ಕಾಗಿ ಮನೆಯನ್ನೇ ಮಾರಿದರು. ದನಿಗಾಗಿ ನಾವು ಮನೆ ಮಾರಬೇಕಾಗಿಲ್ಲ. ಒಂದು ಸಣ್ಣ ಸಮಾರಂಭದ ಮಂಟಪಕ್ಕೆ ತಗಲುವ ವೆಚ್ಚ ಸಾಕು. ಬಡಾವಣೆಯ ಐದು ಮನೆಗಳು ಕೂಡಿ ಒಂದು ಪೆಟ್ಟಿಗೆಯನ್ನು ಕೊಂಡು ಸರದಿಯ ಮೇಲೆ ಬಳಸಬಹುದು. ಅಕ್ಕನ ಬಳಗದ ತಾಯಂದಿರು, ಮಠದ ಭಜನಾ ಸಂಘದವರು ಈ ಹೊಣೆಯನ್ನು ವಹಿಸಬಹುದು. ಪರಿಕರಗಳ ಬೆಲೆ ಮುಂದೆ ಇಳಿದೀತೆಂದು ಕಾಯುವುದು ಬೇಡ. ಬೆಲೆ ಕಾಯುತ್ತದೆ, ಕಂಠ ಕಾಯುವುದಿಲ್ಲ. ಬರುವ ಶ್ರಾವಣದೊಳಗೆ ತಮ್ಮ ಮನೆಯ ಹಿರಿಯರ ಒಂದಾದರೂ ಹಾಡನ್ನು, ಅವರ ಒಪ್ಪಿಗೆ ಪಡೆದು, ಕಾಪಿಟ್ಟುಕೊಳ್ಳಬೇಕೆಂದು ಬಂಧುಗಳಲ್ಲಿ ನನ್ನ ವಿನಂತಿ.