ತೋಳಿನೊಳಗಿನ ಕಲೆ

ಹಾನಗಲ್ಲಿನ ಗಂಡಸೊಬ್ಬನ ಮೊಣಕೈ ಬಾತಿದ್ದರೆ ಕಟ್ಟೆಯಲ್ಲಿ ಸಿಗುವ ಉತ್ತರ ಒಂದೇ: ‘ಗಾಡಿ ಸ್ಕಿಡ್ ಆತು.’ ಮನೆಯವರಿಂದಲೇ ಏಟು ಬಿತ್ತೆಂಬ ನಿಜ ಹೇಳಿದರೆ ‘ಗಂಡಸಾಗಿ ಹೊಡಸ್ಕೊಂಡಿ ಏನಲೇ?’ ಎಂಬ ನಗು ಏಟಿಗಿಂತ ಜೋರು.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಹೆಣ್ಣಿಗೆ ಮಾತ್ರ. ಮನೆಯೊಳಗೆ ಹೆಚ್ಚು ಏಟು ತಿನ್ನುವವಳು ಆಕೆಯೇ, ಹಾಗಾಗಿ ಆ ಕಾಯ್ದೆ ಬೇಕಾದದ್ದೇ. ಹಾಗಂತ ಗಂಡಸಿಗೆ ಬಾಗಿಲೇ ಇಲ್ಲವೆಂದಲ್ಲ. ಹಲ್ಲೆ ಯಾರು ಮಾಡಿದರೂ ಅಪರಾಧ; ತುರ್ತು ಕರೆಯ 112 ಎಲ್ಲರದು.

ಮಗ ಹೊರದಬ್ಬಿದ ಮುದಿ ಅಪ್ಪನಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಸವಣೂರು, ಶಿಗ್ಗಾಂವಿ, ಹಾನಗಲ್ಲಿನವರು ಸವಣೂರಿನ ಉಪವಿಭಾಗಾಧಿಕಾರಿಗೆ, ಹಿರೇಕೆರೂರಿನವರು ಹಾವೇರಿಯ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ ಗಂಡುಹುಡುಗರಿಗೂ ಅನ್ವಯ, ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಮಾತಾಡಿ ಹಗುರಾಗಬೇಕೆಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416: ಕನ್ನಡದಲ್ಲೇ, ಉಚಿತ. ಗೆಳೆಯನ ತೋಳಿನ ಕಲೆ ಕಂಡರೆ ನಗುವ ಮೊದಲು ಈ ನಂಬರ್ ಕೊಡಿ.