ಗಡಿ ದಾಟಿ ಗೆದ್ದವನ ಊರಿನಲ್ಲಿ

ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯಕ್ಕೆ ರಾಜಧಾನಿಯಾದ ಎಡ್ಮಂಟನ್ ನಗರವನ್ನು ನಾವು ಕಂಡದ್ದು ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ. ಉತ್ತರ ಸಸ್ಕಾಚುವಾನ್ ನದಿಯು ಊರಿನ ನಡುವೆ ಆಳವಾದ ಕಣಿವೆಯೊಂದನ್ನು ಕೊರೆದುಕೊಂಡು ಹರಿಯುತ್ತದೆ. ಇಳಿಜಾರಿನ ಮರಗಳೆಲ್ಲ ಅರಿಸಿನ ಬಳಿದಂತೆ ಹಳದಿಯಾಗಿದ್ದುವು. 1913ರಲ್ಲಿ ಸಂಚಾರಕ್ಕೆ ತೆರೆದ ಹೈ ಲೆವೆಲ್ ಸೇತುವೆಯ ಮೇಲೆ ನಿಂತಾಗ ಬಿಸಿಲಿದ್ದರೂ ಗಾಳಿ ಕಿವಿಯನ್ನು ಕೊರೆಯುತ್ತಿತ್ತು.

ಅಲ್ಲಿ ನೆಲೆಸಿರುವ ನಮ್ಮ ಅಳಿಯಂದಿರು, "ಮಾವ, ಈ ಊರಿಗೆ ಬಂದವರು ವಾರನ್ ಮೂನ್ ಆಡಿದ ಮೈದಾನವನ್ನು ನೋಡದೆ ಹೋಗಬಾರದು" ಎಂದರು. ಆಟದ ವಿಷಯದಲ್ಲಿ ನಮಗೆ ವಿಶೇಷ ಆಸಕ್ತಿಯಿಲ್ಲ. ಆದರೂ ಒಪ್ಪಿ, ಊರೊಳಗಿನ ವಿದ್ಯುತ್ ರೈಲನ್ನೇರಿ ಸ್ಟೇಡಿಯಂ ನಿಲ್ದಾಣದಲ್ಲಿ ಇಳಿದೆವು.

ಈ ಕಾಮನ್‌ವೆಲ್ತ್ ಕ್ರೀಡಾಂಗಣವು 1978ರಲ್ಲಿ ಆ ಊರಿನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ಕಟ್ಟಿದುದು. ನಮ್ಮ ಪ್ರಕಾಶ್ ಪಡುಕೋಣೆಯವರು ಬ್ಯಾಡ್ಮಿಂಟನ್ ಸಿಂಗಲ್ಸ್‌ನಲ್ಲಿ ಚಿನ್ನದ ಪದಕ ಗೆದ್ದದ್ದು ಆ ಕ್ರೀಡಾಕೂಟದಲ್ಲಿಯೇ ಎಂಬುದನ್ನು ನೆನೆದು ಹೆಮ್ಮೆಯೆನಿಸಿತು. ಮೂನ್ ಎಂಬ ತರುಣನು ಈ ಊರಿಗೆ ಬಂದದ್ದೂ ಅದೇ ವರ್ಷ.

ಅಲ್ಲಿಯ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡು ಮೊಟ್ಟೆಯಂತೆ ಉದ್ದ. ಅದನ್ನು ಕೈಯಲ್ಲಿ ಹಿಡಿದು ಓಡುವುದುಂಟು, ಎಸೆಯುವುದುಂಟು. ಅಮೆರಿಕದ ಆಟದಲ್ಲಿ ಪಕ್ಷಕ್ಕೆ 11 ಮಂದಿಯಾದರೆ ಕೆನಡಾದಲ್ಲಿ 12 ಮಂದಿ. ಅಮೆರಿಕದ ಮೈದಾನದ ಉದ್ದ 100 ಗಜ. ಇಲ್ಲಿ 110 ಗಜ, ಅಗಲವೂ ಹೆಚ್ಚು. ಹತ್ತು ಗಜ ಮುಂದೊತ್ತಲು ಅಲ್ಲಿ ನಾಲ್ಕು ಅವಕಾಶಗಳಿದ್ದರೆ ಇಲ್ಲಿ ಮೂರೇ. ಆದಕಾರಣ ಇಲ್ಲಿ ಚೆಂಡನ್ನು ದೂರ ಎಸೆಯಬಲ್ಲ ತೋಳಿಗೆ ಬೆಲೆ ಹೆಚ್ಚು. ಆ ಎಸೆತಗಾರನೇ ಕ್ವಾರ್ಟರ್‌ಬ್ಯಾಕ್. ಯಕ್ಷಗಾನಕ್ಕೆ ಭಾಗವತರು ಹೇಗೋ ಈ ಆಟಕ್ಕೆ ಅವನು ಹಾಗೆ. ಅವನ ಸೂಚನೆಯಿಲ್ಲದೆ ಯಾರೂ ಹೆಜ್ಜೆಯಿಡುವುದಿಲ್ಲ.

ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ತಿಂಗಳಿನಲ್ಲಿಯೇ ಮೂನ್ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಜನಿಸಿದನು. ಏಳು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಆರು ಮಂದಿ ಸೋದರಿಯರ ನಡುವೆ ಬೆಳೆದು, ಅಡಿಗೆ ಹೊಲಿಗೆಗಳನ್ನೂ ಕಲಿತನು. ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ, 1978ರ ಜನವರಿ 2ರಂದು ಪ್ರಸಿದ್ಧವಾದ ರೋಸ್ ಬೌಲ್ ಪಂದ್ಯದಲ್ಲಿ ಮಿಚಿಗನ್ ತಂಡವನ್ನು 27-20ರಿಂದ ಸೋಲಿಸಿ, ಶ್ರೇಷ್ಠ ಆಟಗಾರನೆನಿಸಿದನು.

ಇಷ್ಟಾದರೂ ಅಮೆರಿಕದ ವೃತ್ತಿಪರ ತಂಡಗಳು ಅವನನ್ನು ಬಯಸಲಿಲ್ಲ. ಅವನು ಕಪ್ಪು ಜನಾಂಗದವನು. ಓಡಲು, ತಡೆಯಲು ಕರಿಯರು ಸಮರ್ಥರು, ಆದರೆ ಯೋಚಿಸಿ ಆಟ ನಡೆಸುವ ಸ್ಥಾನ ಅವರಿಗಲ್ಲ ಎಂಬ ಪೂರ್ವಗ್ರಹ ಆಗ ಬಲವಾಗಿತ್ತು. ಬೇರೆ ಸ್ಥಾನದಲ್ಲಿ ಆಡು ಎಂಬ ಸಲಹೆಗಳು ಬಂದುವು. ಮೂನ್ ಒಪ್ಪಲಿಲ್ಲ, ಗಡಿ ದಾಟಿ ಎಡ್ಮಂಟನ್ ತಂಡಕ್ಕೆ ಸಹಿ ಹಾಕಿದನು. ಆ ವಸಂತದಲ್ಲಿ ಹನ್ನೆರಡು ಸುತ್ತುಗಳಲ್ಲಿ ನಡೆದ ಅಮೆರಿಕದ ಆಟಗಾರರ ಆಯ್ಕೆಯಲ್ಲಿ ಯಾವ ತಂಡವೂ ಅವನ ಹೆಸರನ್ನು ಕರೆಯಲಿಲ್ಲ.

ಎಡ್ಮಂಟನ್ನಿನ ಶಿಕ್ಷಕ ಹ್ಯೂ ಕ್ಯಾಂಬೆಲ್ ಅವನನ್ನು ಅವನ ಸ್ಥಾನದಲ್ಲಿಯೇ ಇರಿಸಿದರು. ಟಾಮ್ ವಿಲ್ಕಿನ್‌ಸನ್ ಎಂಬ ಹಿರಿಯ ಆಟಗಾರನೊಡನೆ ಸ್ಥಾನವನ್ನು ಹಂಚಿಕೊಂಡು ಮೂನ್ ಪಳಗಿದನು. 1978ರಿಂದ 1982ರವರೆಗೆ ಐದು ವರ್ಷ ಸಾಲಾಗಿ, ಕೆನಡಾದ ಪರಮ ಪ್ರಶಸ್ತಿಯಾದ ಗ್ರೇ ಕಪ್ ಈ ಊರಿಗೆ ಬಂದಿತು.

1981ರ ಅಂತಿಮ ಪಂದ್ಯದ ಕಥೆಯನ್ನು ಅಳಿಯಂದಿರು ಖಾಲಿ ಆಸನಗಳ ನಡುವೆ ನಿಂತು ಹೇಳಿದರು. ಮಾಂಟ್ರಿಯಾಲಿನಲ್ಲಿ ನಡೆದ ಆ ಪಂದ್ಯದ ಅರ್ಧಕಾಲಕ್ಕೆ ಒಟ್ಟಾವಾ ತಂಡ 20, ಎಡ್ಮಂಟನ್ 1. ಮೂನನನ್ನು ಹೊರಗೆ ಕೂರಿಸಿ ವಿಲ್ಕಿನ್‌ಸನ್‌ನನ್ನು ಇಳಿಸಲಾಗಿತ್ತು. ಉತ್ತರಾರ್ಧದಲ್ಲಿ ಮರಳಿ ಬಂದ ಮೂನ್ ತಾನೇ ಎರಡು ಸಲ ಚೆಂಡನ್ನು ಗೆರೆ ದಾಟಿಸಿದನು. ಕೊನೆಯ ಕ್ಷಣಗಳಲ್ಲಿ ಡೇವ್ ಕಟ್ಲರ್ ಒದ್ದ ಚೆಂಡು ಕಂಬಗಳ ನಡುವೆ ಹಾಯ್ದು 26-23ರ ಜಯ ದೊರೆಯಿತು.

1984ರಲ್ಲಿ ಮೂನ್ ಸ್ವದೇಶಕ್ಕೆ ಮರಳಿದನು. ಹಿಂದೆ ಬೇಡವೆಂದ ನಾಡಿನ ತಂಡಗಳೇ ಈಗ ಅವನಿಗಾಗಿ ಪೈಪೋಟಿ ನಡೆಸಿದುವು. ಹ್ಯೂಸ್ಟನ್ ಮೊದಲಾಗಿ ನಾಲ್ಕು ತಂಡಗಳಲ್ಲಿ 2000ದವರೆಗೂ, ಕ್ವಾರ್ಟರ್‌ಬ್ಯಾಕ್ ಆಗಿಯೇ, ಆಡಿದನು. ಕೆನಡಾದಲ್ಲಿ ಎಸೆದು ಗಳಿಸಿದ್ದು 21,228 ಗಜ, ಅಮೆರಿಕದ ಲೀಗಿನಲ್ಲಿ 49,325 ಗಜ. ಕೆನಡಾದ ಕೀರ್ತಿಭವನಕ್ಕೆ 2001ರಲ್ಲಿಯೂ ಅಮೆರಿಕದ ಕೀರ್ತಿಭವನಕ್ಕೆ 2006ರಲ್ಲಿಯೂ ಸೇರಿದನು. ಎರಡನೆಯದಕ್ಕೆ ಆಯ್ಕೆಯಾದ ಮೊತ್ತಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವನೇ.

ಹಾಗೆಂದು ಎಡ್ಮಂಟನ್ನನ್ನು ದೋಷರಹಿತವೆಂದು ಹೊಗಳಲಾರೆವು. ಮೂನನಿಗೆ ನ್ಯಾಯ ನೀಡಿದ ಈ ತಂಡದ ಅಂದಿನ ಹೆಸರು ಎಸ್ಕಿಮೋಸ್. ಅದು ಉತ್ತರದ ಮೂಲನಿವಾಸಿಗಳಲ್ಲಿ ಅನೇಕರ ಮನಸ್ಸನ್ನು ನೋಯಿಸುವ ಪದ. 2020ರಲ್ಲಿ ಆ ಹೆಸರನ್ನು ಕೈಬಿಟ್ಟು, 2021ರಲ್ಲಿ ಎಲ್ಕ್ಸ್ ಎಂದು ಹೊಸ ಹೆಸರಿಟ್ಟರು. ಎಲ್ಕ್ ಎಂದರೆ ನಮ್ಮ ಕಡವೆಯಂಥ ದೊಡ್ಡ ಜಿಂಕೆ. ಒಬ್ಬನ ಯೋಗ್ಯತೆಯನ್ನು ಕಂಡ ಕಣ್ಣಿಗೆ ಇನ್ನೊಬ್ಬರ ನೋವು ಬಹುಕಾಲ ಕಾಣದಿರುವುದೂ ಉಂಟು.

ಗಡಿಯ ಈಚೆ ಉಳಿದ ನಮಗೆ ಗಡಿಯೆಂದರೆ ಕಳೆದುಕೊಂಡದ್ದರ ನೆನಪು. ಮೂನನಿಗೆ ಅದು ಬಾಗಿಲಾಯಿತು. ಆದರೆ ಮರಳುವ ರೈಲಿನಲ್ಲಿ ನಮ್ಮನ್ನು ಕಾಡಿದ ಯೋಚನೆ ಅದಲ್ಲ. ಬಹಳ ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ತೊದಲುವ ಹುಡುಗನೊಬ್ಬನಿದ್ದನು. ವಾರ್ಷಿಕೋತ್ಸವದ ನಾಟಕದಲ್ಲಿ ಪಾತ್ರ ಬೇಕೆಂದು ಕೇಳಿದನು. "ಅದು ನಿನಗಲ್ಲ, ಪರದೆ ಎಳೆಯುವ ಕೆಲಸ ಮಾಡು" ಎಂದೆವು. ಹಿತಕ್ಕಾಗಿಯೇ ಹೇಳಿದೆವೆಂದು ಅಂದು ನಂಬಿದ್ದೆವು. ಅವನು ಪರದೆಯನ್ನು ಅಚ್ಚುಕಟ್ಟಾಗಿ ಎಳೆದನು. ಮತ್ತೆಂದೂ ಏನನ್ನೂ ಕೇಳಲಿಲ್ಲ. ಅವನಿಗೆ ದಾಟಿ ಹೋಗಲು ಬೇರೊಂದು ಎಡ್ಮಂಟನ್ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಈ ವರ್ಷದ ನಾಟಕದ ಪಾತ್ರಗಳ ಪಟ್ಟಿಯನ್ನು ನಾವು ಬರೆಯಲಿಲ್ಲ. ಯಾರಿಗೆ ಯಾವ ಪಾತ್ರ ಬೇಕೆಂದು ಮೊದಲು ಮಕ್ಕಳನ್ನೇ ಕೇಳಿದೆವು.