ಆ ರಾತ್ರಿ ಮಾಮೂನದು

ಹೊಸದುರ್ಗದ ನಮ್ಮ ಮಾಮೂ 1996ರ ಬೇಸಿಗೆಯಲ್ಲೊಂದು ದಿನ ಫಜ್ರ್ ನಮಾಝಿಗೆಂದು ಹೋದವರು ಮನೆಗೆ ಮರಳಲಿಲ್ಲ. ಅವರಿಗೆ ಕೆಲವು ತಿಂಗಳಿಂದ ಮನಸ್ಸು ಸರಿಯಿರಲಿಲ್ಲ. ಯಾರೋ ತಮ್ಮನ್ನು ಹಿಂಬಾಲಿಸುತ್ತಿದ್ದಾರೆ ಎನ್ನುತ್ತಿದ್ದರು. ನಾವು ಆಗ ಚಿತ್ರದುರ್ಗದಲ್ಲಿ ಪಿಯುಸಿ ಓದುತ್ತಿದ್ದೆವು. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡವರಿದ್ದರು, ಆಮೇಲೆ ಸುಳಿವಿಲ್ಲ. ಮೂರನೆಯ ದಿನ ಹೆದ್ದಾರಿ ಬದಿಯ ಒಂದು ಠಾಣೆಯಿಂದ ಸುದ್ದಿ ಬಂತು. ಹೋಗಿ ನೋಡಿದರೆ ಮಾಮೂ ಕಂಬಿಯ ಹಿಂದೆ ಗೋಡೆಗೆ ಮುಖ ಮಾಡಿ ಕುಳಿತಿದ್ದಾರೆ. ಕಳ್ಳತನ ಮಾಡಿರಲಿಲ್ಲ, ಯಾರ ಮೇಲೂ ಕೈ ಎತ್ತಿರಲಿಲ್ಲ. ರಾತ್ರಿ ಲಾರಿಗಳ ನಡುವೆ ನಡೆಯುತ್ತಿದ್ದರಂತೆ. ದೊಡ್ಡ ಪುಸ್ತಕವೊಂದರಲ್ಲಿ ಅವರ ಹೆಸರು, ತಂದೆಯ ಹೆಸರು, ಊರು, ಅದರೆದುರು ‘ಹುಚ್ಚ’ ಎಂಬ ಒಂದು ಪದ. ಅದರ ಕೆಳಗೆ ಸಹಿ ಹಾಕಿ ಅವರನ್ನು ಕರೆತಂದೆವು.

ಇದ್ದದ್ದನ್ನು ಹೇಳಬೇಕು. ಅಂದು ಪೊಲೀಸರು ಹಿಡಿಯದಿದ್ದರೆ ಮಾಮೂ ಲಾರಿಯ ಗಾಲಿಗೆ ಸಿಗುತ್ತಿದ್ದರು. ಹೆಸರು, ಊರು ಬರೆದುಕೊಳ್ಳದಿದ್ದರೆ ನಮಗೆ ಸಿಗುತ್ತಿರಲಿಲ್ಲ. ಆ ಪುಸ್ತಕದ ಮೇಲೆ ನಮಗೆ ಸಿಟ್ಟಿಲ್ಲ. ಆ ಸಾಲು ಪುಸ್ತಕದಿಂದ ಎದ್ದು ಊರೂರು ತಿರುಗಿತಲ್ಲ, ಅದರ ಮೇಲೆ ಸಿಟ್ಟು.

ಬೆಂಗಳೂರಿನ ನಿಮ್ಹಾನ್ಸ್‌ನ ಚಿಕಿತ್ಸೆಯಿಂದ ಮಾಮೂ ಚೇತರಿಸಿಕೊಂಡರು. ಮತ್ತೆ ಹೊಲಿಗೆ ಯಂತ್ರದ ಮುಂದೆ ಕುಳಿತರು. 2007ರಲ್ಲಿ ಅವರ ಮಗಳಿಗೆ ಹೊಳಲ್ಕೆರೆಯಿಂದ ಸಂಬಂಧ ಬಂತು. ಚಹಾ ಮುಗಿದ ಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು ಕೇಳಿದರು: “ನಿಮ್ಮನ್ನು ಲಾಕಪ್ಪಿನಲ್ಲಿ ಇಟ್ಟಿದ್ದರಂತಲ್ಲ?” ಯಾವ ಠಾಣೆ, ಯಾವ ವರ್ಷ, ಎಲ್ಲವೂ ಅವರಿಗೆ ಗೊತ್ತಿತ್ತು. ಠಾಣೆಯಲ್ಲಿದ್ದವರೊಬ್ಬರು ಹೇಳಿದ್ದಂತೆ. ಸಂಬಂಧ ಅಲ್ಲಿಗೇ ಮುರಿಯಿತು. ಹುಡುಗಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

ನಮ್ಮ ಅಮ್ಮಿ ಅಂದು ರಾತ್ರಿ, “ಜನರಲ್ಲಿ ಐಬ್‌ಪೋಶಿ ಉಳಿದಿಲ್ಲ” ಎಂದರು. ಇನ್ನೊಬ್ಬರ ಕುಂದನ್ನು ಮುಚ್ಚುವುದಕ್ಕೆ ಉರ್ದುವಿನಲ್ಲಿ ಹಾಗೆನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಕಾಯಿಲೆ ಐಬ್ ಹೇಗಾದೀತು? ಸಕ್ಕರೆ ಕಾಯಿಲೆಯನ್ನು ಯಾರೂ ಐಬ್ ಎನ್ನುವುದಿಲ್ಲ. ಇಲ್ಲಿಗೆ ಸಲ್ಲುವ ಪದ ಅಮಾನತ್. ನಾಚಿಕೆಯದೆಂದು ಮುಚ್ಚಿಡುವುದು ಬೇರೆ, ಇನ್ನೊಬ್ಬರದೆಂದು ಕಾಪಾಡುವುದು ಬೇರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. 2018ರಿಂದ ಅದು ಜಾರಿಯಲ್ಲಿದೆ. ಅಲೆಯುತ್ತಿರುವ ಮನೋರೋಗಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಹತ್ತಿರದ ಸರಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಯಾವ ಕಾರಣಕ್ಕೂ ಲಾಕಪ್ಪಿಗೋ ಜೈಲಿಗೋ ಹಾಕಬಾರದು ಎನ್ನುತ್ತದೆ ಅದರ 100ನೆಯ ಕಲಮು. 23ನೆಯ ಕಲಮು ಗೋಪ್ಯತೆಯನ್ನು ರೋಗಿಯ ಹಕ್ಕೆಂದಿದೆ. ಚಿಕಿತ್ಸೆಯಲ್ಲಿರುವವರ ಫೋಟೋ, ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡುವಂತಿಲ್ಲ. ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆದರೆ 23ನೆಯ ಕಲಮು ಗುಟ್ಟು ಕಾಯುವ ಹೊಣೆಯನ್ನು ಬಿಡಿಸಿ ಹೇಳಿರುವುದು ಚಿಕಿತ್ಸೆ ನೀಡುವವರಿಗೆ. ಠಾಣೆಯ ಪುಸ್ತಕದ ಹೆಸರೆತ್ತಿಲ್ಲ. ಅದು ಸಣ್ಣ ಬಿರುಕಲ್ಲ. ಕೆನಡಾದ ಟೊರಾಂಟೊದಲ್ಲಿ ಆತ್ಮಹತ್ಯೆಗೆ ಯತ್ನಿಸಿದವರ ವಿವರಗಳನ್ನು ಪೊಲೀಸರು ದೇಶದ ಕಂಪ್ಯೂಟರ್ ಕಡತಕ್ಕೆ ಸೇರಿಸುತ್ತಿದ್ದರು, ಅಮೆರಿಕದ ಗಡಿ ಅಧಿಕಾರಿಗಳು ಅದನ್ನು ನೋಡಬಹುದಿತ್ತು ಎಂಬುದು 2014ರಲ್ಲಿ ಅಲ್ಲಿನ ಪ್ರಾಂತ್ಯದ ಖಾಸಗಿತನ ಆಯುಕ್ತರ ವರದಿಯಿಂದ ಹೊರಬಿತ್ತು. ಹೊಳಲ್ಕೆರೆಯವರ ಚಹಾದ ಪ್ರಶ್ನೆಯನ್ನು ಅಲ್ಲಿ ಯಂತ್ರ ಕೇಳುತ್ತಿತ್ತು, ಅಷ್ಟೇ. ಇನ್ನು ನಮ್ಮ ಬಸ್ ನಿಲ್ದಾಣಗಳಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಮನುಷ್ಯನೊಬ್ಬ ಕಂಡರೆ ಇಂದು ಮೊದಲು ಏಳುವುದು ಮೊಬೈಲು. ಆ ಪುಸ್ತಕಕ್ಕೆ ಬೀಗವೇ ಇಲ್ಲ.

ಬೇರೆಯವರನ್ನು ದೂರಿದ್ದಾಯಿತು, ಈಗ ನಮ್ಮ ಸರದಿ. ಸಂಬಂಧ ಮುರಿದ ಎರಡು ವರ್ಷಕ್ಕೆ ನಾವು ಮಾಮೂನ ಆ ರಾತ್ರಿಯನ್ನು ಕಥೆ ಮಾಡಿದೆವು. ಹೆಸರು ಬದಲಿಸಿದೆವು, ದರ್ಜಿಯನ್ನು ಗಡಿಯಾರ ರಿಪೇರಿಯವನನ್ನಾಗಿ ಮಾಡಿದೆವು. ಅನುಕಂಪದಿಂದ ಬರೆದಿದ್ದೇವೆ ಎಂಬ ಜಂಬ ಬೇರೆ. ಹೊಸದುರ್ಗದಲ್ಲಿ ಅದನ್ನು ಓದಿದವರಿಗೆಲ್ಲ ಅವನು ಯಾರೆಂದು ತಿಳಿಯಿತು. ಮಾಮೂ ಕೂಡ ಓದಿದರು. “ಚೆನ್ನಾಗಿ ಬರೆದಿದ್ದೀಯ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದರೆ ಆ ರಾತ್ರಿ ನನ್ನದು. ಒಂದು ಮಾತು ಕೇಳಬೇಕಿತ್ತು” ಎಂದರು. ಠಾಣೆಯವನು ಬಾಯಲ್ಲಿ ಮಾಡಿದ್ದನ್ನು ನಾವು ಲೇಖನಿಯಲ್ಲಿ ಮಾಡಿದ್ದೆವು. ಆ ಕಥೆಯನ್ನು ನಮ್ಮ ಸಂಕಲನಕ್ಕೆ ಸೇರಿಸಲಿಲ್ಲ.

ಇದನ್ನು ಬರೆಯುವ ಮುನ್ನ ಅವರನ್ನು ಕೇಳಿದೆವು. ಎರಡು ದಿನ ಯೋಚಿಸಿ, “ಬರೆ, ಯಾರಿಗಾದರೂ ಉಪಯೋಗವಾಗಲಿ. ಮಗಳ ಮಾತು ಬರುತ್ತದೆ, ಅವಳನ್ನೂ ಕೇಳು” ಎಂದರು. ಅವಳು ಈಗ ಎರಡು ಮಕ್ಕಳ ತಾಯಿ, ಒಪ್ಪಿದಳು. ಬರೆದದ್ದನ್ನು ಮಾಮೂನಿಗೆ ಓದಿ ಹೇಳಿದಾಗ ಎರಡು ವಾಕ್ಯ ತೆಗೆಸಿದರು. ಕಥೆಗಾರನ ಲೆಕ್ಕದಲ್ಲಿ ಅವೇ ಒಳ್ಳೆಯ ವಾಕ್ಯಗಳು. ಅವು ಇಲ್ಲಿಲ್ಲ.